ಊರುಗೋಲು ಯಾವ ಕೈಯಲ್ಲಿ?

ಸೊಂಟದ ಬಳಿ ಮೂಳೆ ಮುರಿದ ವೃದ್ಧೆಗೆ ಶಸ್ತ್ರಚಿಕಿತ್ಸೆಯಾಗಿ ಗಾಯ ಮಾಗಿತೆಂದರೆ, ಚಿಕಿತ್ಸೆ ಮುಗಿಯಿತೆಂದೇ ಮನೆಯವರು ಭಾವಿಸುವುದುಂಟು. ವಾಸ್ತವದಲ್ಲಿ ಆಗ ಮುಗಿದಿರುವುದು ಕೆಲಸದ ಒಂದು ಭಾಗ ಮಾತ್ರ. ಆಕೆ ಇನ್ನೊಬ್ಬರ ತೋಳು ಹಿಡಿಯದೆ ಬಚ್ಚಲಿಗೆ ಹೋಗಿ ಬರಬಲ್ಲಳೆ, ಹೊಸ್ತಿಲು ದಾಟಬಲ್ಲಳೆ ಎಂಬುದು ನಿಶ್ಚಯವಾಗುವುದು ಅನಂತರದ ವಾರಗಳಲ್ಲಿ, ಜಿಲ್ಲಾ ಆಸ್ಪತ್ರೆಯ ಭೌತಚಿಕಿತ್ಸೆಯ ಕೊಠಡಿಯಲ್ಲಿ. ಅಲ್ಲಿರುವ ಸಾಮಗ್ರಿ ಬಹುಮಟ್ಟಿಗೆ ಸರಳವಾದುದು: ಕೈಯೂರಿ ನಡೆಯಲು ಎರಡು ಸಮಾಂತರ ಕಂಬಿಗಳು, ಗೋಡೆಗೆ ಬಿಗಿದ ಚಕ್ರ, ಹಗ್ಗ ಹಾಯಿಸಿದ ರಾಟೆ, ಎಲ್ಲಿಗೂ ಒಯ್ಯದ ಮೂರು ನಾಲ್ಕು ಮರದ ಮೆಟ್ಟಿಲುಗಳು, ಕೆಲವು ಊರುಗೋಲುಗಳು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇವಾವುವೂ ಅಪರಿಚಿತವೆನಿಸವು. ಹೆಸರಿನಲ್ಲಿಯೇ ‘ಭೌತ’ ಎಂಬ ಮಾತನ್ನು ಇರಿಸಿಕೊಂಡಿರುವ ಈ ಚಿಕಿತ್ಸೆಯನ್ನು ನಮ್ಮ ಶಾಸ್ತ್ರದ ನಂಟನೆಂದರೂ ಸಲ್ಲುವುದು.

ಇಲ್ಲಿಯೂ ಮೊದಲ ಕೆಲಸ ಅಳತೆಯೇ. ಸ್ನಾಯುವಿನ ಬಲವನ್ನು 0 ಯಿಂದ 5 ರವರೆಗೆ ಗುರುತಿಸುವ ಕ್ರಮವೊಂದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಪ್ರಕಟಿಸಿತು. ಅದು ಇಂದಿಗೂ ಬಳಕೆಯಲ್ಲಿದೆ. ಇದರ ಅಳತೆಗೋಲು ಗುರುತ್ವಾಕರ್ಷಣೆ! ಭೂಮಿಯ ಸೆಳೆತಕ್ಕೆ ಎದುರಾಗಿ ಅಂಗವನ್ನು ಎತ್ತಬಲ್ಲ ಸ್ನಾಯುವಿಗೆ 3; ಎತ್ತಲಾರದೆ, ಹಾಸಿಗೆಯ ಮೇಲೆ ಅಡ್ಡಲಾಗಿ ಮಾತ್ರ ಸರಿಸಬಲ್ಲುದಾದರೆ 2. ಎರಡರಲ್ಲಿರುವ ಕಾಲಿಗೆ ‘ಮೇಲೆತ್ತು’ ಎಂದು ಗದರಿಸಿ ಫಲವಿಲ್ಲ. ನುಣುಪಾದ ಹಲಗೆಯ ಮೇಲೆ ಪುಡಿ ಉದುರಿಸಿ, ಘರ್ಷಣೆಯನ್ನು ತಗ್ಗಿಸಿ, ಅಡ್ಡಲಾಗಿ ಸರಿಸುವ ಅಭ್ಯಾಸವನ್ನೇ ಅದಕ್ಕೆ ಮಾಡಿಸಬೇಕು. ನೋಡುವವರಿಗೆ ಇದು ಮಕ್ಕಳಾಟದಂತೆ ಕಾಣುವುದರಿಂದಲೋ ಏನೋ, ನಾಲ್ಕು ದಿನ ಬಂದು ಐದನೆಯ ದಿನ ನಿಲ್ಲಿಸುವವರು ಇದ್ದಾರೆ.

ಈಗ ಊರುಗೋಲಿನ ವಿಷಯಕ್ಕೆ ಬರೋಣ. ಬಲಗಡೆಯ ಸೊಂಟದ ಕೀಲು ನೋಯುತ್ತಿರುವವನು ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ‘ಬಲಗೈಯಲ್ಲಿ’ ಎಂದು ಉತ್ತರಿಸುವವರೇ ಹೆಚ್ಚು. ಸನ್ನೆಯ ನಿಯಮ ಏನು ಹೇಳುವುದೆಂಬುದನ್ನು ನೋಡೋಣ.

ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ಕ್ಷಣಕಾಲ ನಾವು ಒಂಟಿಕಾಲಿನ ಮೇಲಿರುತ್ತೇವೆ. 60 ಕಿಲೋಗ್ರಾಂ ತೂಗುವ ಒಬ್ಬನು ಬಲಗಾಲಿನ ಮೇಲೆ ನಿಂತಿರುವನೆನ್ನೋಣ. ಆ ಕಾಲನ್ನು ಕಳೆದರೆ ಮಿಕ್ಕ ದೇಹದ ತೂಕ ಸುಮಾರು 50 ಕಿಲೋಗ್ರಾಂ. ಈ ಭಾರವು ಕೀಲಿಗಿಂತ ಎಡಕ್ಕೆ, ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಕೆಳಕ್ಕೆ ಎಳೆಯುತ್ತದೆ. ದೇಹ ಎಡಕ್ಕೆ ವಾಲದಂತೆ ತಡೆಯುವುದು ಕೀಲಿನ ಬಲಕ್ಕಿರುವ ಸ್ನಾಯುಗಳು. ಅವುಗಳಿಗೆ ದೊರೆಯುವ ತೋಳಾದರೋ 5 ಸೆಂಟಿಮೀಟರಿನಷ್ಟು ಮಾತ್ರ. ಒಂದು ಕಡೆ 50ನ್ನು 10ರಿಂದ ಗುಣಿಸಿದರೆ 500. ಇನ್ನೊಂದು ಕಡೆಯೂ ಅಷ್ಟೇ ಆಗಬೇಕಾದರೆ ಸ್ನಾಯು 100 ಕಿಲೋಗ್ರಾಂ ಭಾರದಷ್ಟು ಎಳೆಯಬೇಕು. ತಕ್ಕಡಿಯ ಆನಿಕೆಯು ಎರಡು ತಟ್ಟೆಗಳ ಭಾರವನ್ನೂ ಹೊರುವಂತೆ ಕೀಲು ಇವೆರಡನ್ನೂ ಹೊರಬೇಕು: ಒಟ್ಟು 150, ಎಂದರೆ ದೇಹದ ತೂಕದ ಎರಡೂವರೆ ಪಟ್ಟು! ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ಬರ್ಲಿನ್ನಿನಲ್ಲಿ ಗೇಯೊರ್ಗ್ ಬೆರ್ಗ್‌ಮನ್ನರೂ ಸಂಗಡಿಗರೂ ಕೃತಕ ಕೀಲಿನೊಳಗೇ ಮಾಪಕಗಳನ್ನಿರಿಸಿ 2001ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿಯೂ, ಸಾಧಾರಣ ನಡಿಗೆಯಲ್ಲಿ ಈ ಭಾರವು ಇದರ ಸಮೀಪಕ್ಕೇ ಬಂದಿತು.

ಇನ್ನು ಅವನು ಎಡಗೈಯಲ್ಲಿ ಕೋಲು ಹಿಡಿದು ನೆಲವನ್ನು 5 ಕಿಲೋಗ್ರಾಂ ಭಾರದಷ್ಟೇ ಒತ್ತಲಿ. ನೆಲವು ಅಷ್ಟೇ ಬಲದಿಂದ ಕೈಯನ್ನು ಮೇಲಕ್ಕೆ ಒತ್ತುವುದು. ಆ ಕೈ ಕೀಲಿನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿದೆ; ಐದು ನಲವತ್ತಲ 200. ಐನೂರರಲ್ಲಿ ಇದನ್ನು ಕಳೆದರೆ ಸ್ನಾಯುವಿನ ಪಾಲಿಗೆ ಉಳಿಯುವುದು 300. 60 ಕಿಲೋಗ್ರಾಮಿನ ಎಳೆತ ಸಾಕು. ಕೀಲಿನ ಮೇಲಿನ ಭಾರ 50ಕ್ಕೆ 60 ಕೂಡಿಸಿ 5 ಕಳೆದರೆ 105. ಅಂಗೈಯ ಐದು ಕಿಲೋಗ್ರಾಂ ಶ್ರಮದಿಂದ ಕೀಲಿಗೆ ನಲವತ್ತೈದರ ಬಿಡುವು!

ಅದೇ ಕೋಲು ಬಲಗೈಯಲ್ಲಿದ್ದರೆ? ನೆಲದ ಒತ್ತು ಈಗ ಆನಿಕೆಯ ಬಲಕ್ಕೆ ಬಿದ್ದು ದೇಹವನ್ನು ಎಡಕ್ಕೇ ವಾಲಿಸುವುದು. ಸ್ನಾಯುವಿನ ಕೆಲಸ ಹೆಚ್ಚುವುದು. ಹಾಗಿದ್ದರೂ ಬಲಗೈಯಲ್ಲಿ ಹಿಡಿದವರಿಗೆ ಕೊಂಚ ಹಾಯೆನಿಸುವುದೇಕೆ? ಅವರು ಅರಿಯದೆಯೇ ಮೈಯನ್ನು ಬಲಕ್ಕೆ ಓಲಿಸುವರು; ಭಾರವು ಕೀಲಿನ ಹತ್ತಿರಕ್ಕೆ ಸರಿದು ಅದರ ತೋಳು ಕಿರಿದಾಗುವುದು. ಕುಂಟುನಡಿಗೆಯ ಗುಟ್ಟೂ ಇದೇ. ನಾವು ನಗೆಯಾಡುವ ಆ ಓಲಾಟವು ನೋಯುವ ದೇಹ ತಾನಾಗಿ ಬಿಡಿಸಿಕೊಂಡ ಸನ್ನೆಯ ಲೆಕ್ಕ.

ಸೊಂಟದ ಕೀಲಿನ ಇಂತಹ ಲೆಕ್ಕವನ್ನು ಜರ್ಮನಿಯ ಫ್ರೀಡ್ರಿಖ್ ಪೌವೆಲ್ಸ್ 1935ರಲ್ಲಿಯೇ ವಿಸ್ತಾರವಾಗಿ ಮಾಡಿದ್ದರು. 1956ರಲ್ಲಿ ಅಮೆರಿಕದ ಮೂಳೆತಜ್ಞ ವಾಲ್ಟರ್ ಬ್ಲೌಂಟರು ಊರುಗೋಲನ್ನು ಬಿಸುಡಬೇಡಿರೆಂದೇ ಲೇಖನವೊಂದನ್ನು ಬರೆದರು. ಕೋಲು ಹಿಡಿದರೆ ಮುದುಕನಾದೆನೆಂದು ಜನ ಆಡಿಕೊಂಡಾರು ಎಂಬ ಅಂಜಿಕೆ ನಮ್ಮ ಊರುಗಳದು ಮಾತ್ರವಲ್ಲವೆಂದು ತೋರುತ್ತದೆ.

ಕೋಲಿನ ಉದ್ದವನ್ನೂ ಚಿಕಿತ್ಸಕರು ನೋಡುವರು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಯು ಮಣಿಕಟ್ಟಿನ ಮಟ್ಟಕ್ಕಿರಬೇಕು. ಹಾಗಿದ್ದರೆ ಹಿಡಿದಾಗ ಮೊಣಕೈ ತುಸು ಬಾಗಿ, ಒತ್ತಲು ಅನುಕೂಲವಾಗುವುದು. ತುದಿಯ ರಬ್ಬರು ಸವೆದಿದ್ದರೆ ಬದಲಿಸಬೇಕು. ಒದ್ದೆ ಬಚ್ಚಲಿನಲ್ಲಿ ಘರ್ಷಣೆಯೇ ಪ್ರಾಣರಕ್ಷಕ.

ಕೊನೆಗೆ ಆ ಮರದ ಮೆಟ್ಟಿಲುಗಳು. ಹತ್ತುವಾಗ ಗಟ್ಟಿಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಅಲ್ಲಿ ಕಲಿಸುವರು. ಹತ್ತುವಾಗ ದೇಹವನ್ನು ಮೇಲಕ್ಕೆತ್ತುವುದು ಮುಂದಿಟ್ಟ ಕಾಲು. ಇಳಿಯುವಾಗ ಅದನ್ನು ಮೆಲ್ಲನೆ ಇಳಿಬಿಡುವುದು ಮೇಲೆಯೇ ಉಳಿದ ಕಾಲು. ಎರಡು ಸಲವೂ ದುಡಿಮೆ ಗಟ್ಟಿಕಾಲಿಗೇ ಬೀಳುವುದು.