ಉಪ್ಪಾಪನ ಅಕ್ಕಿ ಹೋದ ದ್ವೀಪದಲ್ಲಿ ಸೈಕಲ್ ಸವಾರಿ

ಮದ್ರಸದ ಮಕ್ಕಳು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಮುಂಡಿನ ಅಂಚು ಚೈನಿಗೆ ಸಿಕ್ಕದ ಹಾಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಅವರ ಉಸ್ತಾದ್ ಓಲಾಡುತ್ತಾ ಹೋಗುತ್ತಿದ್ದರು. ನಾನು ಸೈಕಲ್ ಬಿಟ್ಟು ಇಪ್ಪತ್ತು ವರ್ಷ ಆಗಿತ್ತು. ಮುಂದೆ ಹೋಗುತ್ತಿದ್ದ ಮಗ ಎಂಟನೇ ತರಗತಿ. ಅವನು ತಿರುಗಿ ನೋಡಿ, ‘ಉಪ್ಪಾ, ಇಲ್ಲಿ ಬಸ್ಸೂ ಇಲ್ಲ, ಲಾರಿಯೂ ಇಲ್ಲ, ಹೆದರಬೇಡಿ’ ಎಂದು ಧೈರ್ಯ ಹೇಳಿದ.

ನಾವಿದ್ದದ್ದು ಲಕ್ಷದ್ವೀಪದ ಕಡಮತ್‌ನಲ್ಲಿ. ದರ್ಸ್‌ನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಪಕ್ಕದ ಅಮಿನಿ ದ್ವೀಪದವನು. ‘ಒಮ್ಮೆ ಬಾ’ ಎಂದು ವರ್ಷಗಳಿಂದ ಕರೆಯುತ್ತಿದ್ದ. ಅಲ್ಲಿಗೆ ಸುಮ್ಮನೆ ಹೋಗಲು ಆಗುವುದಿಲ್ಲ, ಅನುಮತಿ ಪತ್ರ ಬೇಕು, ಕರೆಯುವವರೂ ಬೇಕು. ಅವನೇ ಎಲ್ಲ ಮಾಡಿಸಿದ. ಮದ್ರಸದ ರಜೆಯಲ್ಲಿ ಕೊಚ್ಚಿಯಿಂದ ಹಡಗು ಹತ್ತಿ ಅಮಿನಿಗೆ ಹೋದೆವು. ಅಲ್ಲಿಂದ ಒಂದು ದಿನ ಸುಬಹಿ ನಮಾಝ್ ಮುಗಿಸಿ ಕಡಮತ್‌ಗೆ ದೋಣಿ ಹತ್ತಿದೆವು. ಕಡಮತ್‌ನಲ್ಲಿ ಗೆಳೆಯನ ಸಂಬಂಧಿಕರ ಮನೆಯಲ್ಲಿ ಎರಡು ಸೈಕಲ್ ಸಿಕ್ಕಿತು. ಅಸರ್ ಆದ ಮೇಲೆ ಮರಳಿ ಹೋಗುವ ದೋಣಿ.

ಕೊಚ್ಚಿಯಿಂದ ಕಡಮತ್‌ಗೆ ಸುಮಾರು 400 ಕಿ.ಮೀ. ಮಂಗಳೂರಿನಿಂದ ಲೆಕ್ಕ ಹಾಕಿದರೆ ಸುಮಾರು 300 ಮಾತ್ರ. ಹತ್ತಿರದವರು ನಾವು, ಆದರೂ ಸುತ್ತಿ ಬಳಸಿ ಹೋಗಬೇಕಾಯಿತು. ಒಂದು ಕಾಲದಲ್ಲಿ ಹೀಗಿರಲಿಲ್ಲ. ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರನ್ನು ಕಂಡರು. ಆಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದೂ ಟಿಪ್ಪು ಆಡಳಿತಕ್ಕೆ ಬಂದವು. 1799ರ ನಂತರ ಬ್ರಿಟಿಷರ ಕೈಗೆ ಹೋದರೂ ಕಚೇರಿ ಮಂಗಳೂರೇ ಆಗಿತ್ತು. 1956ರ ನವೆಂಬರ್ 1ರವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯವೇ. ದ್ವೀಪದವರು ತೆಂಗಿನ ನಾರಿನ ಹಗ್ಗ ತರುತ್ತಿದ್ದರು, ಅಕ್ಕಿ ಒಯ್ಯುತ್ತಿದ್ದರು. ನನ್ನ ಉಪ್ಪಾಪ ಬಂದರಿನಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದವರು. ‘ದ್ವೀಪದವರ ಹಗ್ಗ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ಮನೆಯ ಬಾವಿಕಟ್ಟೆಯಲ್ಲಿ.

ಕಡಮತ್ ಒಂದು ಹಸಿರು ರಿಬ್ಬನ್ ಹಾಗಿದೆ. ಉದ್ದ ಸುಮಾರು ಒಂಬತ್ತು ಕಿ.ಮೀ., ಅಗಲ ಎಲ್ಲಿ ಅತೀ ಹೆಚ್ಚೋ ಅಲ್ಲಿಯೂ ಅರ್ಧ ಕಿ.ಮೀ.ಗಿಂತ ತುಸು ಜಾಸ್ತಿ ಅಷ್ಟೇ. ತೆಂಗಿನ ಮರಗಳ ಸಂದಿಯಲ್ಲಿ ನೋಡಿದರೆ ಒಮ್ಮೆ ಬಲಗಡೆ ಕಡಲು, ಒಮ್ಮೆ ಎಡಗಡೆ ಕಡಲು. ಗುಡ್ಡ ಇಲ್ಲ, ಏರು ಇಲ್ಲ, ನಾಯಿ ಬೆನ್ನಟ್ಟುವ ಭಯವೂ ಇಲ್ಲ, ಲಕ್ಷದ್ವೀಪದಲ್ಲಿ ನಾಯಿಗಳೇ ಇಲ್ಲವಂತೆ. ಪಶ್ಚಿಮಕ್ಕೆ ಹವಳದ ದಿಬ್ಬದ ಒಳಗೆ ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ. ಅದರ ತಳದಲ್ಲಿ ಹುಲ್ಲು ಬೆಳೆಯುತ್ತದೆ, ಹಸಿರಾಮೆಗಳು ಬಂದು ಮೇಯುತ್ತವೆ. ದಕ್ಷಿಣದ ತುದಿಯಲ್ಲಿ ಸೈಕಲ್ ನಿಲ್ಲಿಸಿ ಬಿಳಿ ಮರಳಲ್ಲಿ ಕೂತೆವು. ಆಮೆಯೊಂದು ತಲೆ ಎತ್ತಿ ಉಸಿರೆಳೆದು ಮತ್ತೆ ಮುಳುಗಿತು. ಮಗ ಮೊಬೈಲ್ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸೈಕಲಿನ ಒಳ್ಳೆಯ ಗುಣ ಏನೆಂದರೆ ಯಾರು ಸಲಾಂ ಹೇಳಿದರೂ ನಿಲ್ಲಿಸಲೇಬೇಕು. ನಿಂತಲ್ಲೆಲ್ಲ ಚಹಾ. ಒಂದು ಮನೆಯಲ್ಲಿ ತೆಂಗಿನಕಾಯಿ ಮತ್ತು ದ್ವೀಪದ ಬೆಲ್ಲ ಸೇರಿಸಿ ಮಾಡಿದ ಉಂಡೆ ಕೊಟ್ಟರು, ಇನ್ನೊಂದು ಮನೆಯಲ್ಲಿ ಒಂದು ಬಾಟಲಿ ಸುರ್ಕ. ಮನೆ ಯಾರದ್ದು ಎಂದು ಕೇಳಿದರೆ ಹೆಂಗಸರ ಕಡೆಗೇ ಕೈ ತೋರಿಸುತ್ತಾರೆ. ತರವಾಡಿನ ಹಳೆಯ ಆಸ್ತಿಗೆ ಅಲ್ಲಿ ‘ಶುಕ್ರವಾರದ ಸ್ವತ್ತು’ ಎನ್ನುತ್ತಾರೆ, ಅದು ತಾಯಿಯ ಕಡೆಯಿಂದ ಇಳಿದು ಬರುವುದು. ಸ್ವಂತ ದುಡಿದದ್ದು ‘ಸೋಮವಾರದ ಸ್ವತ್ತು’, ಅದು ಶರೀಅತ್ ಪ್ರಕಾರ ಹಂಚಿಕೆಯಾಗುತ್ತದೆ. ಫರಾಇಳ್ ಪಾಠ ಮಾಡುವ ನನಗೆ ಇದು ಹೊಸ ಪಾಠ.

ಲುಹರ್‌ಗೆ ಪಳ್ಳಿಗೆ ಹೋದೆವು. ಮಗ ವುಳೂಗೆ ಕೂತು ಊರಿನ ಅಭ್ಯಾಸದಂತೆ ಧಾರಾಳವಾಗಿ ನೀರು ಸುರಿದುಕೊಂಡ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಅವನ ಕೈ ಹಿಡಿದರು. ಅಲ್ಲಿ ಹೊಳೆ ಇಲ್ಲ, ತೋಡು ಇಲ್ಲ. ಮಳೆಯ ನೀರು ಹವಳದ ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಪಂಪು ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕಡಲ ನೀರನ್ನು ಸಿಹಿ ಮಾಡುವ ಘಟಕ 2024ರ ಜನವರಿಯಲ್ಲಿ ಉದ್ಘಾಟನೆಯಾಗಿದೆ, ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಸಾಮರ್ಥ್ಯದ್ದು. ಆದರೆ ಹಿರಿಯರ ಕೈ ಅಭ್ಯಾಸ ಬದಲಾಗಿಲ್ಲ, ಒಂದು ಸಣ್ಣ ಪಾತ್ರೆಯಲ್ಲಿ ಅವರ ವುಳೂ ಮುಗಿದಿತ್ತು.

ನಮಾಝ್ ನಂತರ ಅದೇ ಹಿರಿಯರು ‘ಯಾವ ಊರು?’ ಎಂದರು. ಮಂಗಳೂರು ಎಂದದ್ದೇ ತಡ, ಅವರ ಕಣ್ಣು ಅರಳಿತು. ಚಿಕ್ಕವರಿದ್ದಾಗ ಬಾಪನ ಜೊತೆ ಓಡಂನಲ್ಲಿ, ಎಂದರೆ ಹಾಯಿ ಹಡಗಿನಲ್ಲಿ, ಹಗ್ಗ ಹೇರಿಕೊಂಡು ಬಂದರಿಗೆ ಬಂದಿದ್ದರಂತೆ. ಝೀನತ್ ಬಕ್ಷ್ ಪಳ್ಳಿಯ ಮರದ ಕಂಬಗಳ ಕೆತ್ತನೆಯನ್ನು ಕೈಯಲ್ಲಿ ಬರೆದು ತೋರಿಸಿದರು. ಕಚೇರಿ ಮೊದಲು ಕೋಝಿಕ್ಕೋಡ್‌ಗೆ, ಆಮೇಲೆ 1964ರಲ್ಲಿ ಕವರತ್ತಿಗೆ ಹೋಯಿತು. ಮಕ್ಕಳು ಓದಲು, ಮದ್ದಿಗೆ, ಮದುವೆ ಬಟ್ಟೆಗೆ ಎಲ್ಲದಕ್ಕೂ ಕೇರಳಕ್ಕೇ ಹೋದರು. ಅವರು ಮತ್ತೆ ಮಂಗಳೂರು ನೋಡಲಿಲ್ಲ.

ಅವರು ಮಾತಾಡಿದ್ದು ಜೆಸರಿ, ನಾನು ಮಾತಾಡಿದ್ದು ಬ್ಯಾರಿ. ಮಲಯಾಳದ ‘ವ’ ನಮ್ಮ ಬಾಯಲ್ಲಿ ‘ಬ’ ಆಗುವ ಹಾಗೆ ಅವರಲ್ಲೂ ಎಷ್ಟೋ ಕಡೆ ಆಗುತ್ತದೆ. ಅವರು ‘ಪ’ ಇರುವಲ್ಲಿ ‘ಫ’ ಎನ್ನುತ್ತಾರೆ, ಅದೊಂದು ಕಿವಿಗೆ ಹತ್ತಲು ಸ್ವಲ್ಪ ಹೊತ್ತು ಬೇಕು. ಅರ್ಧ ಗಂಟೆಯಲ್ಲಿ ನಾವಿಬ್ಬರೂ ಒಂದೇ ಜಗಲಿಯಲ್ಲಿ ಬೆಳೆದವರ ಹಾಗೆ ಹರಟುತ್ತಿದ್ದೆವು. ಮಗ ಮಾತ್ರ ನನ್ನ ಮುಖ, ಅವರ ಮುಖ ನೋಡುತ್ತಾ ಕೂತಿದ್ದ. ಮನೆಯಲ್ಲಿ ಅವನ ಬ್ಯಾರಿ ಎಂದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಹಿರಿಯರು ಅವನಲ್ಲಿ ಏನೋ ಕೇಳಿದರು. ಅವನು ನನ್ನ ಕಡೆ ತಿರುಗಿ, ‘ಉಪ್ಪಾ, ಏನಂತೆ?’ ಎಂದ. ಕೇಳಿದ್ದು ಇಷ್ಟೇ: ‘ನಿನ್ನ ಹೆಸರು ಯಾರು ಇಟ್ಟದ್ದು?’ ಅವನಿಗಿಟ್ಟದ್ದು ಉಪ್ಪಾಪನ ಹೆಸರು. ಉತ್ತರ ನಾನೇ ಹೇಳಬೇಕಾಯಿತು, ಹೇಳುವಾಗ ನಾಚಿಕೆಯಾಯಿತು. ಇದರಲ್ಲಿ ಮಗನ ತಪ್ಪಿಲ್ಲ. ಮನೆಯಲ್ಲಿ ಶಾಲೆಯ ಭಾಷೆ ಮಾತಾಡಿಸಿ ಹೆಮ್ಮೆಪಟ್ಟವನು ನಾನು.

ಹೊರಡುವಾಗ ಅವರು ಒಳಗೆ ಹೋಗಿ ಒಂದು ಸುರುಳಿ ಹಗ್ಗ ತಂದರು. ತೆಂಗಿನ ಸಿಪ್ಪೆಯನ್ನು ಕಡಲ ದಡದ ಗುಂಡಿಯಲ್ಲಿ ತಿಂಗಳುಗಟ್ಟಲೆ ಹುಗಿದಿಟ್ಟು, ಬಡಿದು ನಾರು ತೆಗೆದು, ಮನೆಯ ಹೆಂಗಸರು ಕೈಯಲ್ಲೇ ಹೊಸೆದದ್ದು. ಈಗ ಹಾಗೆ ಮಾಡುವವರು ಕಡಿಮೆ. ದುಡ್ಡು ಕೊಡಲು ಹೋದೆ, ಬೇಡವೆಂದರು. ‘ಮುಂದಿನ ಸಲ ಬರುವಾಗ ಮಂಗಳೂರಿನ ಕುಚ್ಚಲಕ್ಕಿ ತಾ’ ಎಂದರು.

ದೋಣಿಯ ಹೊತ್ತಾಗಿತ್ತು. ಸುರುಳಿಯನ್ನು ಮಗನ ಸೈಕಲಿನ ಕ್ಯಾರಿಯರ್‌ಗೆ ಕಟ್ಟಿ ಜೋರಾಗಿ ತುಳಿದೆವು. ದಾರಿಯುದ್ದಕ್ಕೂ ಅವನು ಒಂದೊಂದೇ ವಸ್ತು ತೋರಿಸಿ ‘ಇದಕ್ಕೆ ಬ್ಯಾರಿಯಲ್ಲಿ ಏನು?’ ಎಂದು ಕೇಳುತ್ತಾ ಬಂದ. ಎರಡು ಮೂರಕ್ಕೆ ನನಗೂ ಉತ್ತರ ಬರಲಿಲ್ಲ, ಉಮ್ಮನನ್ನೇ ಕೇಳಬೇಕು ಎಂದೆ.

ಮನೆಗೆ ಬಂದು ಹಗ್ಗವನ್ನು ಉಮ್ಮನ ಕೈಗೆ ಕೊಟ್ಟೆ. ನಮ್ಮ ಬಾವಿಗೆ ಪಂಪು ಬಂದು ವರ್ಷಗಳೇ ಆದವು, ರಾಟೆ ತುಕ್ಕು ಹಿಡಿದಿದೆ. ಉಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು, ‘ಇದೇ, ಇದೇ ವಾಸನೆ’ ಎಂದರು. ಮಗ ಪಕ್ಕದಲ್ಲಿ ಕೂತು ದಾರಿಯಲ್ಲಿ ಉಳಿದಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದ.