ನಿಮಗಿದು ಗೊತ್ತೆ? ಗಾಜಿನ ತೊಟ್ಟಿಯಲ್ಲೂ ಕಡಲತೋಟ!

ಬೈಂದೂರಿನ ಸೋಮೇಶ್ವರದಲ್ಲಿ ಕಡಲು ಇಳಿದಾಗ ಬಂಡೆಗಳ ಮೇಲೆ ಕಾಣುವ ಪಾಚಿಗೆ ನಿಜವಾದ ಬೇರಿಲ್ಲ. ಬುಡ ಇರುವುದು ಕಲ್ಲಿಗೆ ಕಚ್ಚಿಕೊಳ್ಳಲಷ್ಟೇ. ಆಹಾರವನ್ನು ಮೈಯೆಲ್ಲ ಹೀರಿಕೊಳ್ಳುತ್ತದೆ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಇಂಥ ಪಾಚಿ ಬೆಳೆಸಿದರೆ, ಮೀನಿನ ಕಸದಿಂದ ಹುಟ್ಟುವ ಅಮೋನಿಯಾ, ನೈಟ್ರೇಟ್‌ಗಳೇ ಅದಕ್ಕೆ ಗೊಬ್ಬರ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕುಂದಾಪುರದ ಪಂಚಗಂಗಾವಳಿ, ಬ್ರಹ್ಮಾವರ ಕಡೆಯ ಹಂಗಾರಕಟ್ಟೆ ಅಳಿವೆಗಳಲ್ಲಿ ಹೊಳೆನೀರು ಬೆರೆಯುವುದರಿಂದ ಮಳೆಗಾಲದಲ್ಲಿ ಇದು ತೀರಾ ಇಳಿಯುತ್ತದೆ. ಅಲ್ಲಿನ ನೀರು ತೊಟ್ಟಿಗೆ ಬೇಡ. ಅಡುಗೆ ಉಪ್ಪು ಕದಡಿದ ನೀರಂತೂ ಬೇಡವೇ ಬೇಡ! ತೊಟ್ಟಿಯ ನೀರು ಆವಿಯಾಗಿ ಕಡಿಮೆಯಾದರೆ ಸೇರಿಸಬೇಕಾದ್ದು ಸಿಹಿನೀರು. ಉಪ್ಪು ಆವಿಯಾಗುವುದಿಲ್ಲವಲ್ಲ.

ಕೌಲರ್ಪಾ ಎಂಬ ಹಸಿರು ಪಾಚಿಯದು ಬೇರೆಯೇ ಕಥೆ. ಎಲೆ, ಕಾಂಡ ಎಲ್ಲ ಇರುವಂತೆ ಕಂಡರೂ ಇಡೀ ಪಾಚಿ ಒಂದೇ ಜೀವಕೋಶ! ಸಂತಾನೋತ್ಪತ್ತಿಯ ಸಮಯದಲ್ಲಿ ಒಳಗಿನದ್ದನ್ನೆಲ್ಲ ನೀರಿಗೆ ಸುರಿದು, ಬಿಳುಚಿ ಸಾಯುತ್ತದೆ. ತೊಟ್ಟಿಯ ನೀರೆಲ್ಲ ಕದಡಿಹೋಗುತ್ತದೆ. ಆಗಾಗ ಸವರದೆ ಬಿಡುವವರಿಗೆ ಇದು ಹೇಳಿಸಿದ್ದಲ್ಲ.

ಅಂದಹಾಗೆ, ಬಂಡೆಯ ಹವಳ, ಬಲೆಗೆ ಬಿದ್ದ ಕಡಲಕುದುರೆ ಮನೆಗೆ ತರಬೇಡಿ. ಎರಡಕ್ಕೂ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.