ಹಿಪ್ನಾಟಿಸಂ ಮಾಡಿಸಿದ್ರೆ ಚಟ ಬಿಡುತ್ತಾ?

‘ಒಂದ್ಸಲ ಹಿಪ್ನಾಟೈಸ್ ಮಾಡಿಸಿದ್ರೆ ಸಿಗರೇಟು ಬಿಟ್ಟೇ ಹೋಗುತ್ತಂತೆ, ಹೌದಾ?’ ಅರಸೀಕೆರೆಯಲ್ಲಿ ಗೆಳೆಯರು ಸೇರಿದಾಗ ಈ ಮಾತು ಬಂದೇ ಬರುತ್ತೆ. ಬಿಡೋಕೆ ನಾಲ್ಕು ಸಲ ಒದ್ದಾಡಿದವನು ಹೀಗೆ ಕೇಳಿದರೆ ನಗೋಕಾಗಲ್ಲ.

ಸಿನಿಮಾದಲ್ಲಿ ತೋರಿಸೋ ಹಾಗೆ ಇದು ವಶೀಕರಣ ಅಲ್ಲ, ನಿದ್ದೆಯೂ ಅಲ್ಲ. 1840ರ ದಶಕದಲ್ಲಿ ‘ಹಿಪ್ನಾಟಿಸಂ’ ಪದವನ್ನು ಬಳಕೆಗೆ ತಂದ ವೈದ್ಯ ಜೇಮ್ಸ್ ಬ್ರೇಡ್‌ಗೇ ನಿದ್ದೆಯನ್ನು ಸೂಚಿಸುವ ಆ ಹೆಸರು ಆಮೇಲೆ ಸರಿಯೆನಿಸಲಿಲ್ಲ. ಒಂದೇ ವಿಚಾರದಲ್ಲಿ ಮನಸ್ಸು ನೆಡುವುದೇ ಇದರ ತಿರುಳು ಎಂದು ಆತ ಕಂಡುಕೊಂಡ.

ಹಳೇಬೀಡಿನ ಗೋಡೆಯ ಆನೆ ಸಾಲನ್ನೋ ಬೇಲೂರಿನ ದರ್ಪಣ ಸುಂದರಿಯನ್ನೋ ನೋಡ್ತಾ ನಿಂತರೆ ನನಗೆ ಪಕ್ಕದವರ ಸೆಲ್ಫಿ ಗಲಾಟೆ ಕೇಳಿಸೋದೇ ಇಲ್ಲ. ಸಮ್ಮೋಹನ ಇಂಥ ತನ್ಮಯತೆಗೆ ಹತ್ತಿರದ್ದು. ಅದರಲ್ಲಿರುವಾಗ ಚಿಕಿತ್ಸಕರು ಸಲಹೆ ಕೊಡ್ತಾರೆ: ಕಾಫಿ ಮುಗೀತು, ಕೈ ಜೇಬಿಗೆ ಹೋಯ್ತು, ಅಲ್ಲೇ ನಿಂತಿತು, ನೀರು ಕುಡಿದಿರಿ. ಮನಸ್ಸಿನಲ್ಲೇ ನಡೆಯುವ ಈ ತಾಲೀಮು ‘ನನ್ನ ಕೈಲಾಗಲ್ಲ’ ಅನ್ನೋ ನಂಬಿಕೆಯನ್ನು ಸಡಿಲಿಸಬಹುದು. ಆದರೆ ನಿಮಗೇ ಮನಸ್ಸಿಲ್ಲದಿದ್ದರೆ ಯಾರೂ ಏನೂ ಮಾಡಲಾರರು.

ಫಲ ಎಲ್ಲದಕ್ಕೂ ಒಂದೇ ಅಲ್ಲ. ಕರುಳು ಕೆರಳುವ ‘ಐಬಿಎಸ್’ ತೊಂದರೆಗೆ ಇದು ನೆರವಾಗುವುದನ್ನು ಮ್ಯಾಂಚೆಸ್ಟರ್‌ನ ವೈದ್ಯರು 1984ರಲ್ಲೇ ತೋರಿಸಿದರು. ಸಿಗರೇಟಿನ ವಿಷಯದಲ್ಲಿ ಮಾತ್ರ ಬೇರೆ ಆಪ್ತಸಲಹೆಗಿಂತ ಇದೇ ಮೇಲು ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಹಾಗಾಗಿ ‘ಒಂದೇ ಸಿಟ್ಟಿಂಗ್, ಗ್ಯಾರಂಟಿ’ ಅನ್ನೋರಿಂದ ದೂರ ಇರಿ. ಮನೋವೈದ್ಯರನ್ನೋ ತರಬೇತಾದ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ತಂಬಾಕು ಬಿಡಲು 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಐದನೇ ಸಲ ಪ್ರಯತ್ನಿಸೋಕೆ ನಾಚಿಕೆ ಬೇಡ.